ಫೋಟೋ ನೋಡಿ ಚಿತ್ರ ಬರೆದರೆ ಬರುತ್ತದೆ, ಎದುರಿಗೆ ಮನುಷ್ಯ ಕೂತರೆ ಕೆಡುತ್ತದೆ. ಮೈಸೂರಲ್ಲಿ ಎಲ್ಲಿ ಕಲಿಯಲಿ?

ಅರ್ಧಚಿತ್ರ | ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಕುವೆಂಪುನಗರದವನು, ವಯಸ್ಸು 43. ಪೆನ್ಸಿಲ್ ಹಿಡಿದು ಮೂರು ವರ್ಷ ಆಯಿತು. ಫೋಟೋ ನೋಡಿಕೊಂಡು ಬರೆದರೆ ಚೆನ್ನಾಗೇ ಬರುತ್ತದೆ. ನಮ್ಮ ಆಫೀಸಿನಲ್ಲಿ ಯಾರೇ ರಿಟೈರ್ ಆದರೂ ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ನಾನು ಬರೆದ ಭಾವಚಿತ್ರ. ಅಷ್ಟಕ್ಕೇ ನಾನೊಬ್ಬ ಕಲಾವಿದ ಅಂದುಕೊಂಡಿದ್ದೆ.

ಹೋದ ವಾರ ಅಮ್ಮ ಅಡುಗೆಮನೆಯಲ್ಲಿ ಈಳಿಗೆ ಮಣೆ ಮೆಟ್ಟಿಕೊಂಡು ಹುರುಳಿಕಾಯಿ ಹೆಚ್ಚುತ್ತಿದ್ದರು. ಸುಮ್ನೆ ಎದುರಿಗೆ ಕೂತು ಬರೆಯೋಣ ಅನ್ನಿಸಿತು. ಒಂದು ಗಂಟೆ ಒದ್ದಾಡಿದೆ. ಮುಖ ಪರವಾಗಿಲ್ಲ, ಅಮ್ಮನೇ ಅಂತ ಗೊತ್ತಾಗುತ್ತದೆ. ಕುತ್ತಿಗೆಯಿಂದ ಕೆಳಗೆ ಮಾತ್ರ ಸೀರೆ ಉಡಿಸಿದ ದಿಂಬು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿದೆ ಕಣೋ, ಆದ್ರೆ ನನ್ನ ಕೆಳಗೆ ನೆಲಾನೇ ಇಲ್ವಲ್ಲೋ" ಅಂದರು. ಆವತ್ತಿಂದ ಅದೇ ಮಾತು ತಲೆ ಕೊರೆಯುತ್ತಿದೆ.

ಹಿಂದೆ ಒಂದು ವೀಕೆಂಡ್ ಕ್ಲಾಸಿಗೂ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ಆರು ತಿಂಗಳು ಪ್ರಿಂಟೌಟ್ ಮೇಲೆ ಚೌಕ ಹಾಕಿಸಿ ಅದನ್ನೇ ದೊಡ್ಡದು ಮಾಡಿಸಿದರು. ಒಂದು ದಿನವೂ ಮನುಷ್ಯರನ್ನು ನೋಡಿ ಬರೆಸಲಿಲ್ಲ.

ಈ ವಯಸ್ಸಲ್ಲಿ ಕಲಿಯಬಹುದಾ? ಮೊದಲು ಮೂಳೆ, ಸ್ನಾಯು ಎಲ್ಲ ಓದಿಕೊಳ್ಳಬೇಕಾ? ಎಲ್ಲಿಂದ ಶುರು ಮಾಡಲಿ?

ಟ್ಯಾಬ್ ತಮ್ಮ | ಭಾನುವಾರ, ರಾತ್ರಿ 11:05

ಅಣ್ಣಾ, ಮನುಷ್ಯರು ಯಾಕೆ? ಫೋನಲ್ಲಿ ಆಪ್ ಇದೆ. 3ಡಿ ಗೊಂಬೆ ಕೊಡುತ್ತದೆ. ಹೇಗೆ ಬೇಕಾದರೂ ತಿರುಗಿಸಿ, ಕೈಕಾಲು ಮಡಚಿ. ಅಲ್ಲಾಡಲ್ಲ, ಕಾಫಿ ಕೇಳಲ್ಲ.

ಚಾಕ್‌ಪೀಸ್ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:10

ಅಲ್ಲಾಡಲ್ಲ ಅನ್ನೋದೇ ಅದರ ತೊಂದರೆ ತಮ್ಮಾ. ಗೊಂಬೆಗೆ ಭಾರ ಇಲ್ಲ. ಒಂಟಿ ಕಾಲಲ್ಲಿ ಓರೆಯಾಗಿ ನಿಲ್ಲಿಸಿದರೂ ಬೀಳಲ್ಲ.

ಅರ್ಧಚಿತ್ರ ಅವರೇ, ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ವರ್ಷಗಟ್ಟಲೆ ಮಕ್ಕಳಿಗೆ ಹೇಳಿಯೂ ಹೇಳಲಾಗದ್ದನ್ನು ನಿಮ್ಮ ತಾಯಿ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಾರೆ. ನೀವು ಅಂಚು ಬರೆಯುತ್ತಿದ್ದೀರಿ, ಭಾರ ಬರೆಯುತ್ತಿಲ್ಲ. ಫೋಟೋದಲ್ಲಿ ಅಂಚು ಸಿದ್ಧವಾಗಿ ಸಿಗುತ್ತದೆ. ಅದೂ ಫೋನನ್ನು ಹತ್ತಿರ ಹಿಡಿದು ತೆಗೆದರೆ ಮೂಗು, ಮಂಡಿ ಊದಿಕೊಂಡಿರುತ್ತವೆ, ಹಿಂದಿರುವ ಕಿವಿ, ಪಾದ ಕುಗ್ಗಿರುತ್ತವೆ. ನೆರಳೆಲ್ಲ ಒಂದೇ ಕಪ್ಪು. ಮೂರು ವರ್ಷ ಅದನ್ನೇ ನಕಲು ಮಾಡಿದರೆ ಕಣ್ಣು ಅದಕ್ಕೇ ಒಗ್ಗಿಹೋಗುತ್ತದೆ.

ಇವತ್ತಿನಿಂದ ಹೀಗೆ ಮಾಡಿ. ರಬ್ಬರ್ ಎತ್ತಿಡಿ. ಮನೆಯವರನ್ನೋ ಮಕ್ಕಳನ್ನೋ ಒಂದು ನಿಮಿಷ ನಿಲ್ಲಿಸಿ. ಒಂದೇ ನಿಮಿಷ. ಮುಖ ಬೇಡ, ಬೆರಳು ಬೇಡ, ಬಟ್ಟೆಯ ಹೂವು ಬೇಡ. ತಲೆಯಿಂದ ಪಾದಕ್ಕೆ ಮೈ ಎತ್ತ ಬಾಗಿದೆ ಅಂತ ಒಂದು ಗೆರೆ. ಅದರ ಮೇಲೆ ಭುಜದ ಓರೆ, ಸೊಂಟದ ಓರೆ. ಅಷ್ಟೇ, ಹಾಳೆ ತಿರುಗಿಸಿ. ದಿನಕ್ಕೆ ಹತ್ತಾದರೂ ಇರಲಿ. ಕೈ ಸಡಿಲ ಆದ ಮೇಲೆ ಎರಡು ನಿಮಿಷ, ಐದು ನಿಮಿಷ. ಇಪ್ಪತ್ತು ನಿಮಿಷದ್ದು ವಾರಕ್ಕೊಂದು ಸಾಕು.

ಎರಡೂ ಕಾಲಿಗೆ ಸಮನಾಗಿ ಭಾರ ಹಾಕಿ ನಿಲ್ಲೋದು ಎನ್‌ಸಿಸಿ ಪರೇಡಲ್ಲಿ ಮಾತ್ರ. ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಎಲ್ಲರೂ ಒಂದು ಕಾಲಿಗೆ ಭಾರ ಕೊಟ್ಟು ಇನ್ನೊಂದನ್ನು ಸುಮ್ನೆ ಇಟ್ಟಿರುತ್ತಾರೆ. ಭಾರ ಹೊತ್ತ ಕಡೆ ಸೊಂಟ ಮೇಲೇರುತ್ತದೆ. ಭುಜ ಅದಕ್ಕೆ ಉಲ್ಟಾ, ಅದೇ ಕಡೆ ಕೆಳಗಿಳಿಯುತ್ತದೆ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಹಾಗೇ ನಿಮ್ಮ ಚಿತ್ರದಲ್ಲಿ ಕುತ್ತಿಗೆಯ ಗುಳಿಯಿಂದ ಕೆಳಕ್ಕೆ ಒಂದು ದಾರ ಇಳಿಬಿಡಿ. ಅದು ಭಾರ ಹೊತ್ತ ಪಾದದ ಹತ್ತಿರ ಬಂದು ಮುಟ್ಟಬೇಕು. ಆಚೆ ಹೋಯಿತು ಅಂದರೆ ನೀವು ಬರೆದ ಮನುಷ್ಯ ಬೀಳುತ್ತಿದ್ದಾನೆ.

ಸೋಮನಾಥಪುರಕ್ಕೆ ಹೋದಾಗ ವೇಣುಗೋಪಾಲನ ಮುಂದೆ ಹತ್ತು ನಿಮಿಷ ನಿಲ್ಲಿ. ತ್ರಿಭಂಗಿ. ಕಾಲು, ಸೊಂಟ, ಕುತ್ತಿಗೆ ಮೂರು ಕಡೆ ಬಳುಕಿದೆ. ಆದರೂ ಬೀಳಲ್ಲ. ಯಾಕೆ ಅಂತ ದಾರ ಇಳಿಬಿಟ್ಟು ನೋಡಿ.

ಮಂಡ್ಯದ ಬೆಲ್ಲ | ಸೋಮವಾರ, ಬೆಳಿಗ್ಗೆ 9:30

ಸಾರ್, ನಮ್ಮ ಕಡೆ ಬನ್ನಿ. ಆಲೆಮನೆಯಲ್ಲಿ ಒಂದು ಮೂಲೆ ಹಿಡಿದು ಕೂತರೆ ಮಧ್ಯಾಹ್ನದವರೆಗೆ ಮಾಡೆಲ್ ಫ್ರೀ, ಬಿಸಿ ಬೆಲ್ಲವೂ ಫ್ರೀ.

ನಾನು ಕಲಿತದ್ದು ಅಲ್ಲೇ. ಒಲೆಗೆ ಕಬ್ಬಿನ ಒಣ ಸಿಪ್ಪೆ ತಳ್ಳುವವನು ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಗಾಣಕ್ಕೆ ಕಬ್ಬು ಕೊಡುವವನು ಮುಂದಕ್ಕೆ ವಾಲಿರುತ್ತಾನೆ. ಕೊಪ್ಪರಿಗೆ ತಿರುವುವವನು ಮೈಯನ್ನೆಲ್ಲ ಹಿಂದಕ್ಕೆ ಎಳೆದು ಕೋಲಿಗೆ ಜೋತುಬಿದ್ದ ಹಾಗಿರುತ್ತಾನೆ. ಯಾರೂ ನಿಮಗೋಸ್ಕರ ನಿಲ್ಲಲ್ಲ. ಆದರೆ ಮಾಡಿದ್ದನ್ನೇ ಮಾಡುತ್ತಾರೆ, ಅದೇ ಉಪಾಯ. ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ ಶುರು ಮಾಡಿ. ಬಗ್ಗಿದಾಗ ಒಂದು, ಎತ್ತಿದಾಗ ಒಂದು, ತಿರುಗಿದಾಗ ಒಂದು, ಬೆವರು ಒರೆಸಿಕೊಂಡಾಗ ಒಂದು. ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋಗಿ. ಅವನು ಮತ್ತೆ ಬಗ್ಗೇ ಬಗ್ಗುತ್ತಾನೆ, ಆಗ ಮೊದಲನೆಯದಕ್ಕೆ ವಾಪಸ್ ಬನ್ನಿ.

ಒಲೆಯ ಹತ್ತಿರ ಮಾತ್ರ ಕೂರಬೇಡಿ. ನನ್ನ ಒಂದು ಸ್ಕೆಚ್‌ಬುಕ್ ಪಾಕ ಮೆತ್ತಿಕೊಂಡು ಇರುವೆಗಳ ಪಾಲಾಯಿತು.

ನೀಲಿ ಪೆನ್ಸಿಲ್ | ಸೋಮವಾರ, ಮಧ್ಯಾಹ್ನ 1:15

ನಾನು ಆರ್ಟ್ ಕಾಲೇಜಿನಲ್ಲಿ ಓದಿದವಳು. ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿಗೆ ಹೋಗಿ. ಕೂತವರು, ಬಗ್ಗಿದವರು, ಮೂಟೆ ಹೊತ್ತವರು, ಎಲ್ಲ ಸಿಗುತ್ತಾರೆ. ನನಗೆ ಅಳತೆ ಅನ್ನೋದು ತಲೆಗೆ ಹತ್ತಿದ್ದೇ ಅಲ್ಲಿ. ಪುಸ್ತಕದಲ್ಲಿ "ಮನುಷ್ಯ ಏಳೂವರೆ ತಲೆ ಎತ್ತರ" ಅಂತ ಓದಿ ಬಾಯಿಪಾಠ ಮಾಡಿದ್ದೆ, ಕೈಗೆ ಬಂದಿರಲಿಲ್ಲ. ಒಂದು ದಿನ ಹೂ ಮಾರುವ ಅಜ್ಜಿ ಮಲ್ಲಿಗೆ ಅಳೆಯುವುದನ್ನು ಬರೆಯುತ್ತಾ ಕೂತಿದ್ದೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ನಾಲ್ಕು ಮೊಳಕ್ಕೆ ಒಂದು ಮಾರು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಅದು ಹೆಚ್ಚುಕಡಿಮೆ ಆ ಮನುಷ್ಯರ ಎತ್ತರವೇ. ಅರ್ಧ ಮೊಳ ಒಂದು ಗೇಣು, ಗೇಣು ಹೆಚ್ಚುಕಡಿಮೆ ಒಂದು ತಲೆ. ಅಯ್ಯೋ, ಪುಸ್ತಕದ ಲೆಕ್ಕವನ್ನೇ ಈ ಅಜ್ಜಿ ಮಲ್ಲಿಗೆಯಲ್ಲಿ ಅಳೆಯುತ್ತಿದ್ದಾರಲ್ಲ ಅನ್ನಿಸಿತು. (ಅಜ್ಜಿ ಗಿಡ್ಡ, ಹಾಗಾಗಿ ಮೊಳವೂ ಗಿಡ್ಡ. ಗಿರಾಕಿಗಳ ಜೊತೆ ದಿನಾ ಜಗಳ.)

ಎದುರಿಗಿರುವವರನ್ನು ಅಳೆಯುವುದು ಹೀಗೆ. ಪೆನ್ಸಿಲ್ ಹಿಡಿದು ಕೈ ಪೂರ್ತಿ ಚಾಚಿ, ಮೊಣಕೈ ಮಡಚಬಾರದು, ಒಂದು ಕಣ್ಣು ಮುಚ್ಚಿ. ಪೆನ್ಸಿಲ್ ತುದಿ ನೆತ್ತಿಗೆ, ಹೆಬ್ಬೆರಳು ಗದ್ದಕ್ಕೆ. ಅದು ಒಂದು ತಲೆ. ಅದನ್ನು ಕೆಳಗಿಳಿಸುತ್ತಾ ಎಷ್ಟು ಸಲ ಬರುತ್ತದೆ ಎಣಿಸಿ. ಮೊಣಕೈ ಒಂದು ಸಲ ಮಡಚಿದಿರೋ, ಲೆಕ್ಕ ಎಲ್ಲ ಹೋಯಿತು.

ಇನ್ನೊಂದು ವಿಷಯ. ಕೇಳದೆ ಬರೆಯಬೇಡಿ, ಅದರಲ್ಲೂ ಹೆಂಗಸರನ್ನು. ಬರೆದ ಮೇಲೆ ತೋರಿಸಿ. ಆ ಅಜ್ಜಿ ನೋಡಿ, "ನನ್ನ ಮೂಗು ಹೀಗಿದ್ಯಾ ತಾಯಿ?" ಅಂದು ಪಕ್ಕದ ಅಂಗಡಿಯವರನ್ನೆಲ್ಲ ಕರೆದರು.

ಶಿಲ್ಪದ ಹುಚ್ಚು | ಸೋಮವಾರ, ಸಂಜೆ 5:50

ಏಳೂವರೆ ತಲೆ ಅನ್ನೋದು ಫಾರಿನ್ ಲೆಕ್ಕ. ನಮ್ಮ ಶಿಲ್ಪಶಾಸ್ತ್ರದಲ್ಲಿ ನವತಾಲ ಅಂತ ಇದೆ, 9 ತಲೆ. ನಮ್ಮದನ್ನು ಬಿಟ್ಟು ಅವರದ್ದು ಯಾಕೆ?

ಚಾಕ್‌ಪೀಸ್ ಮೇಷ್ಟ್ರು | ಸೋಮವಾರ, ರಾತ್ರಿ 8:20

ಸ್ವಾಮಿ, ತಾಲ ಬೇರೆ, ತಲೆ ಬೇರೆ. ತಾಲ ಅಂದರೆ ಮುಖದ ಉದ್ದ, ಹಣೆಯ ಮೇಲೆ ಕೂದಲು ಶುರುವಾಗುವ ಕಡೆಯಿಂದ ಗದ್ದದವರೆಗೆ. ನಿಮ್ಮ ಅಂಗೈ ಬುಡವನ್ನು ಗದ್ದಕ್ಕಿಟ್ಟು ನೋಡಿ, ನಡುಬೆರಳು ಅಲ್ಲಿಗೇ ಮುಟ್ಟುತ್ತದೆ. ಅದಕ್ಕೆ 12 ಅಂಗುಲ. ಅಂಥ 9 ಸೇರಿದರೆ 108 ಅಂಗುಲ, ಅದು ನವತಾಲ. ನೆತ್ತಿಯ ಭಾಗ ತಾಲದಲ್ಲಿ ಸೇರಿಲ್ಲ. ಹಾಗಾಗಿ 9 ಮುಖವನ್ನು ತಲೆಗೆ ತಿರುಗಿಸಿ ಲೆಕ್ಕ ಹಾಕಿದರೆ ಏಳರ ಆಸುಪಾಸಿಗೇ ಬರುತ್ತದೆ. ಜಗಳವೇ ಇಲ್ಲ.

ಆದರೆ ಒಂದು ಮಾತು. ಶಾಸ್ತ್ರ ಇರೋದು ದೇವರನ್ನು ಕಡೆಯೋಕೆ. ಶಿಲ್ಪಿಯ ಮುಂದೆ ದೇವರು ಬಂದು ಕೂರಲ್ಲ, ಅದಕ್ಕೆ ಅಳತೆ ಬೇಕು. ಅರ್ಧಚಿತ್ರ ಅವರ ತಾಯಿ ಎದುರಿಗೇ ಕೂತಿದ್ದಾರೆ. ಅವರು ಎಷ್ಟು ತಲೆ ಅಂತ ಅವರನ್ನೇ ನೋಡಿ ಅಳೆಯಬೇಕು. ಏಳೂವರೆ ಅನ್ನೋದೂ ಸರಾಸರಿ ಅಷ್ಟೆ.

ಶಿಲ್ಪದ ಹುಚ್ಚು | ಸೋಮವಾರ, ರಾತ್ರಿ 8:31

ಅಂಗೈ ಇಟ್ಟು ನೋಡಿದೆ. ಸರಿಯಾಗಿ ಬಂತು. ವಾದ ವಾಪಸ್.

ಟ್ಯಾಬ್ ತಮ್ಮ | ಸೋಮವಾರ, ರಾತ್ರಿ 9:00

ಎಲ್ಲ ಸರಿ, ಆದರೆ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಆ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದೆಲ್ಲ ಮನಸ್ಸಿನಿಂದಲೇ ಬರೆದದ್ದಲ್ವಾ?

ನೀಲಿ ಪೆನ್ಸಿಲ್ | ಸೋಮವಾರ, ರಾತ್ರಿ 9:12

ಮೈಸೂರಿನ ಅರ್ಧ ಜನ ಅದನ್ನು ರವಿವರ್ಮ ಅಂತಾರೆ. ಅದು ಎಸ್. ಎಲ್. ಹಲ್ದಣಕರ್ ಬರೆದದ್ದು, 1940ರ ದಶಕದ್ದು. ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ಮನಸ್ಸಿನಿಂದ ಬರೆದದ್ದೂ ಅಲ್ಲ, ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದದ್ದು. ದೀಪಕ್ಕೆ ಮರೆಮಾಡಿದ ಬೆರಳುಗಳ ಸಂದಿ ಕೆಂಪಗೆ ಕಾಣುತ್ತದಲ್ಲ, ಅದನ್ನು ಕಂಡೇ ಬರೆಯಬೇಕು. ಕರೆಂಟ್ ಹೋದಾಗ ಅಂಗೈಯನ್ನು ಟಾರ್ಚಿಗೆ ಅಡ್ಡ ಹಿಡಿದು ನೋಡು, ಗೊತ್ತಾಗುತ್ತದೆ.

ಮಟ್ಟಿ ಮಣ್ಣು | ಮಂಗಳವಾರ, ಬೆಳಿಗ್ಗೆ 7:45

ಯಾರೂ ಗರಡಿ ಮನೆ ಹೆಸರೇ ಎತ್ತಲಿಲ್ಲವಲ್ಲ! ಮೈಸೂರಲ್ಲಿದ್ದುಕೊಂಡು ಮೈಕಟ್ಟು ಬರೆಯೋಕೆ ಎಲ್ಲಿ ಹೋಗಲಿ ಅಂದರೆ ಹೇಗೆ?

ಮೊದಲು ವಸ್ತಾದರನ್ನು, ಅಂದರೆ ಗರಡಿಯ ಗುರುಗಳನ್ನು, ಕೇಳಿ. ಚಪ್ಪಲಿ ಹೊರಗೆ. ಹನುಮಂತನಿಗೆ ಕೈ ಮುಗಿದು ಗೋಡೆ ಪಕ್ಕ ಕೂರಿ, ಕುಸ್ತಿ ಆಡುವ ಮಣ್ಣು ಇದೆಯಲ್ಲ, ಆ ಮಟ್ಟಿಯ ಮೇಲೆ ಮಾತ್ರ ಕಾಲಿಡಬೇಡಿ. ಹುಡುಗರು ಲಂಗೋಟಿಯಲ್ಲಿ ಸಾಮು ಮಾಡುತ್ತಿರುತ್ತಾರೆ. ಬೆನ್ನು, ತೊಡೆ, ಮೀನಖಂಡ ಎಲ್ಲ ಬಿಚ್ಚಿಟ್ಟ ಪುಸ್ತಕದ ಹಾಗೆ ಕಾಣುತ್ತದೆ. ದಂಡ ಹೊಡೆಯುವಾಗ ಭುಜದ ಮೂಳೆ ಚರ್ಮದ ಕೆಳಗೆ ಹೇಗೆ ಜಾರುತ್ತದೆ ನೋಡಿ. ಬಸ್ಕಿ ಹೊಡೆಯುವಾಗ ಬೆನ್ನು ಎಷ್ಟು ಮುಂದಕ್ಕೆ ವಾಲುತ್ತದೆ ನೋಡಿ. ವಾಲದಿದ್ದರೆ ಹಿಂದಕ್ಕೆ ಬೀಳುತ್ತಾನೆ.

ನಾನು ಜಾಸ್ತಿ ಕೆಡಿಸಿದ್ದು ಜೋಡಿಯನ್ನು. ಇಬ್ಬರು ತಲೆಗೆ ತಲೆ ಕೊಟ್ಟು ಕತ್ತು ಹಿಡಿದು ನಿಂತಿರುತ್ತಾರೆ. ಒಬ್ಬನನ್ನು ಪೂರ್ತಿ ಬರೆದು ಆಮೇಲೆ ಇನ್ನೊಬ್ಬನನ್ನು ಬರೆಯೋಕೆ ಹೋಗುತ್ತಿದ್ದೆ. ಇಬ್ಬರೂ ಬೀಳುವ ಹಾಗೆ ಕಾಣುತ್ತಿದ್ದರು. ಒಂದು ವರ್ಷ ಆದ ಮೇಲೆ ಹೊಳೆಯಿತು, ಅವರು ಒಂದಕ್ಕೊಂದು ಒರಗಿಸಿಟ್ಟ ಎರಡು ಗಳ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲಲ್ಲ. ಈಗ ಮೊದಲು ನಾಲ್ಕು ಪಾದದ ಗುರುತು ಹಾಕುತ್ತೇನೆ, ಆಮೇಲೆ ತಲೆ ತಲೆ ಸೇರುವ ಜಾಗ. ಮಧ್ಯದ ಖಾಲಿ ಜಾಗ ತ್ರಿಕೋನದ ಹಾಗೆ ಉಳಿಯುತ್ತದೆ, ಅದನ್ನು ಬರೆದರೆ ಕಾಲುಗಳು ತಾವೇ ಬರುತ್ತವೆ.

ನೀಲಿ ಪೆನ್ಸಿಲ್ | ಮಂಗಳವಾರ, ಮಧ್ಯಾಹ್ನ 12:40

ಒಳ್ಳೆಯ ಸಲಹೆ, ಗಂಡಸರಿಗೆ! ನಾನು ಎರಡು ಕಡೆ ಕೇಳಿದ್ದೆ, ಬಾಗಿಲಲ್ಲೇ ನಿಲ್ಲಿಸಿ ಟೀ ಕೊಟ್ಟು ಕಳಿಸಿದರು. ಅವರ ಪದ್ಧತಿ ಅವರಿಗೆ. ಕೋಪ ಮಾತ್ರ ಇನ್ನೂ ಇಳಿದಿಲ್ಲ.

ಹೆಣ್ಣುಮಕ್ಕಳಿಗೆ ಎರಡು ದಾರಿ. ದಸರಾ ಕುಸ್ತಿಗೆ ಹೋಗಿ, ಅಲ್ಲಿ ಈಗ ಹುಡುಗಿಯರೂ ಆಡುತ್ತಾರೆ. ಉಳಿದ ದಿನಗಳಲ್ಲಿ ಪರಿಚಯದ ಯೋಗ ಕ್ಲಾಸಿನಲ್ಲಿ ಹಿಂದಿನ ಮೂಲೆ ಕೇಳಿ. ಗೋಕುಲಂ ಕಡೆ ಯೋಗಶಾಲೆಗೇನು ಬರವಾ? ಅಷ್ಟಾಂಗ ಕ್ರಮದಲ್ಲಿ ಸಾಮಾನ್ಯವಾಗಿ ಒಂದೊಂದು ಆಸನದಲ್ಲಿ ಐದು ಉಸಿರು ನಿಲ್ಲುತ್ತಾರೆ. ಹೆಚ್ಚೆಂದರೆ ಅರ್ಧ ನಿಮಿಷ. ಮೇಷ್ಟ್ರು ಹೇಳಿದ ಒಂದು ಗೆರೆಯ ಚಿತ್ರಕ್ಕೆ ಅಷ್ಟು ಸಾಕು, ಜಾಸ್ತಿ ಸಿಕ್ಕಿದರೆ ಕಣ್ಣು ರೆಪ್ಪೆಗೆ ಕೈ ಹೋಗುತ್ತದೆ.

ಫಿಸಿಯೋ ಅಕ್ಕ | ಮಂಗಳವಾರ, ರಾತ್ರಿ 10:15

ಚಿತ್ರ ಬರೆಯೋಕೆ ಬರಲ್ಲ, ಆದರೆ ದಿನವಿಡೀ ಜನರ ಸೊಂಟ, ಮಂಡಿ ನೋಡುವುದೇ ನನ್ನ ಕೆಲಸ. ಮೂಳೆ ಪೂರ್ತಿ ಓದಬೇಕಾ ಅಂತ ಕೇಳಿದ್ದೀರಿ. ಬೇಡ ಸಾರ್, 206 ಇವೆ. ದಪ್ಪ ಇರಲಿ, ಸಣ್ಣ ಇರಲಿ, ಚರ್ಮಕ್ಕೆ ಹತ್ತಿರವೇ ಇರುವ ಕೆಲವು ಜಾಗ ಗೊತ್ತಿದ್ದರೆ ಸಾಕು. ಕುತ್ತಿಗೆಯ ಗುಳಿ, ಎದೆಮೂಳೆಯ ಕೆಳತುದಿ, ಸೊಂಟದ ಮುಂದೆ ಎರಡೂ ಕಡೆ ಕೈಗೆ ತಾಗುವ ಮೂಳೆ ತುದಿ, ಮಂಡಿಚಿಪ್ಪು, ಹರಡು. ಹಿಂದಿನಿಂದ ಆದರೆ ಕತ್ತು ಬಗ್ಗಿಸಿದಾಗ ಉಬ್ಬುವ ಮೂಳೆ. ಸೀರೆ ಉಟ್ಟವರಲ್ಲಿ ಸೊಂಟದ್ದು ಕಾಣಲ್ಲ, ನೆರಿಗೆ ಎಲ್ಲಿಂದ ಜೋತು ಬೀಳುತ್ತದೆ ಅನ್ನೋದರಿಂದ ಊಹಿಸಬೇಕು.

ಆದರೆ ನಿಮ್ಮ ಅಮ್ಮ ನಿಂತಿಲ್ಲ, ಕೂತಿದ್ದಾರೆ. ಕೂತವರ ಭಾರ ಪಾದದಲ್ಲಿರಲ್ಲ. ಕುಂಡಿಯ ಒಳಗೆ ಕೆಳಗಡೆ ಎರಡು ಮೂಳೆ ಇವೆ, ಗಟ್ಟಿ ನೆಲದ ಮೇಲೆ ಕೂತರೆ ಒತ್ತುತ್ತವಲ್ಲ, ಅವು. ಭಾರ ಅಲ್ಲಿ. ಈಳಿಗೆ ಮಣೆ ಮೆಟ್ಟಿದ ಕಾಲು ಮಣೆ ಅಲ್ಲಾಡದ ಹಾಗೆ ಒತ್ತುತ್ತಿರುತ್ತದೆ, ಸ್ವಲ್ಪ ಭಾರ ಅಲ್ಲಿಗೂ ಹೋಗುತ್ತದೆ. ಅಮ್ಮನಿಗೆ ಮಂಡಿ ನೋವು ಇದೆಯಾ? ಇದ್ದರೆ ಒಂದು ಕಡೆಗೆ ವಾಲಿ ಕೂತಿರುತ್ತಾರೆ, ಅದನ್ನು ನೇರ ಮಾಡಿ ಬರೆಯಬೇಡಿ. ಅಂದಹಾಗೆ ನೆಲದ ಮೇಲೆ ಕೂತವರು ನೆತ್ತಿಯಿಂದ ನೆಲಕ್ಕೆ ಸುಮಾರು 4 ತಲೆ ಇರುತ್ತಾರೆ, ಬೆನ್ನು ಬಗ್ಗಿದ್ದರೆ ಇನ್ನೂ ಕಡಿಮೆ.

ಅರ್ಧಚಿತ್ರ | ಮಂಗಳವಾರ, ರಾತ್ರಿ 10:50

ಅಕ್ಕ, ಎಡ ಮಂಡಿ ನೋವು ಇದೆ! ವರ್ಷಗಳಿಂದ ಇದೆ. ಚಿತ್ರದಲ್ಲಿ ನೆಟ್ಟಗೆ ಕೂರಿಸಿದ್ದೇನೆ.

ಚಾಕ್‌ಪೀಸ್ ಮೇಷ್ಟ್ರು | ಬುಧವಾರ, ಬೆಳಿಗ್ಗೆ 6:05

ಪೆನ್ಸಿಲ್ ಸ್ವಲ್ಪ ದಿನ ಬಿಡಿ. ಚೂಪು ತುದಿ ಇದ್ದರೆ ಕೈ ಅಂಚಿಗೇ ಓಡುತ್ತದೆ. ಇದ್ದಿಲು ಹಿಡಿಯಿರಿ. ಅಂಗಡಿಯದ್ದೇ ಬೇಕಿಲ್ಲ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಇದ್ದಿಲು ಮಾಡಿಕೊಂಡು ಅದರಿಂದಲೇ ಮೊದಲ ಗೆರೆ ಹಾಕುತ್ತಿದ್ದರು. ನಾನು ಹಳೆಯ ತಗಡಿನ ಡಬ್ಬಿಯಲ್ಲಿ ಮಾಡುತ್ತೇನೆ. ಬೆರಳು ಗಾತ್ರಕ್ಕಿಂತ ಸಣ್ಣ ಕಡ್ಡಿ, ಸಿಪ್ಪೆ ಕೆರೆದು, ಒಣಗಿಸಿ, ಡಬ್ಬಿಗೆ ಒತ್ತಾಗಿ ತುಂಬಿ. ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು. ಬಯಲಲ್ಲಿ ಬೆಂಕಿಗೆ ಹಾಕಿದರೆ ಆ ತೂತಿನಿಂದ ಹೊಗೆ ಬರುತ್ತದೆ. ಹೊಗೆ ನಿಂತ ಮೇಲೆ ತೆಗೆದು, ಪೂರ್ತಿ ಆರುವವರೆಗೂ ಮುಚ್ಚಳ ತೆಗೆಯಬಾರದು. ಅವಸರಪಟ್ಟು ತೆಗೆದರೆ ಗಾಳಿ ತಾಗಿ ಹೊತ್ತಿಕೊಂಡು ಬೂದಿ. ಮೊದಲ ಸಲ ನನಗೆ ಬೂದಿಯೇ ಸಿಕ್ಕಿದ್ದು.

ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜಿ. ಭಾರ ಎಲ್ಲಿದೆಯೋ ಅಲ್ಲಿ ಜಾಸ್ತಿ ಒತ್ತಿ.

ಮಂಡ್ಯದ ಬೆಲ್ಲ | ಬುಧವಾರ, ಬೆಳಿಗ್ಗೆ 8:00

ಮೇಷ್ಟ್ರೇ, ಹುಣಸೆ ಕಡ್ಡಿ ಅಂದ ತಕ್ಷಣ ಬೆನ್ನು ಮುಟ್ಟಿ ನೋಡಿಕೊಂಡೆ.

ನೀಲಿ ಪೆನ್ಸಿಲ್ | ಬುಧವಾರ, ಬೆಳಿಗ್ಗೆ 10:20

ಮೈಸೂರಿನವರು ನಾಲ್ಕೈದು ಜನ ಇದ್ದೇವೆ, ಭಾನುವಾರ ಸೇರೋಣವಾ? ನಮ್ಮ ಮನೆ ತಾರಸಿ ಇದೆ. ಸರದಿ ಮೇಲೆ ಒಬ್ಬೊಬ್ಬರು 20 ನಿಮಿಷ ಮಾಡೆಲ್, ಆಮೇಲೆ 5 ನಿಮಿಷ ಓಡಾಟ. ಎದ್ದು ಹೋಗುವ ಮೊದಲು ಪಾದದ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕೋಣ, ವಾಪಸ್ ಅಲ್ಲೇ ನಿಲ್ಲೋಕೆ. ಫೋಟೋ ತೆಗೆಯುವ ಹಾಗಿಲ್ಲ. ಟ್ಯಾಬ್ ತಮ್ಮ, ನೀನೂ ಬಾ. ಗೊಂಬೆ ಮನೆಯಲ್ಲೇ ಇರಲಿ.

ಅರ್ಧಚಿತ್ರ | ಮೂರು ವಾರದ ನಂತರ, ಭಾನುವಾರ ರಾತ್ರಿ 9:25

ವರದಿ ಒಪ್ಪಿಸುತ್ತಿದ್ದೇನೆ.

ಒಂದು ನಿಮಿಷದ ಚಿತ್ರ ಇನ್ನೂರು ದಾಟಿವೆ. ಮದುವೆ ಕಾರ್ಡಿನ ಹಿಂಭಾಗ, ಆಫೀಸಿನ ಹಳೆ ಫಾರಂ, ಎಲ್ಲ ಖಾಲಿ. ಹೆಚ್ಚಿನವು ಕಸ. ಆದರೆ ಮೂರು ತಾರಸಿ ಭಾನುವಾರಗಳಲ್ಲಿ ಜಾಸ್ತಿ ಕಲಿತದ್ದು ಬರೆದಾಗ ಅಲ್ಲ, ನನ್ನ ಸರದಿ ಬಂದು ನಿಂತಾಗ. ಬಲಗಾಲಿಗೆ ಭಾರ ಕೊಟ್ಟು ಸ್ಟೈಲಾಗಿ ನಿಂತೆ. ಐದನೇ ನಿಮಿಷಕ್ಕೆ ಬಲ ಸೊಂಟದ ಪಕ್ಕ ಸಣ್ಣಗೆ ಉರಿ. ಹತ್ತನೇ ನಿಮಿಷಕ್ಕೆ ಹಿಮ್ಮಡಿ ನೆಲಕ್ಕೆ ಮೊಳೆ ಹೊಡೆದ ಹಾಗೆ. ಎಡಗಾಲು ಇದೆ ಅನ್ನೋದೇ ಮರೆತುಹೋಗಿತ್ತು. ಆಮೇಲೆ ಎಲ್ಲರ ಹಾಳೆ ನೋಡಿದರೆ, ಟ್ಯಾಬ್ ತಮ್ಮ ನನ್ನ ಬಲ ಹಿಮ್ಮಡಿಯನ್ನು ಅಚ್ಚ ಕಪ್ಪಗೆ ಒತ್ತಿ, ಎಡಗಾಲನ್ನು ಬರೀ ಒಂದು ತೆಳು ಗೆರೆಯಲ್ಲಿ ಬಿಟ್ಟಿದ್ದ. ನನಗೆ ಅನ್ನಿಸಿದ್ದು ಅವನಿಗೆ ಹೇಗೆ ಕಾಣಿಸಿತು ಅಂತ!

ಇವತ್ತು ಬೆಳಿಗ್ಗೆ ಮತ್ತೆ ಅಮ್ಮ, ಮತ್ತೆ ಈಳಿಗೆ ಮಣೆ. ಈ ಸಲ ಕುಂಬಳಕಾಯಿ, ಹಾಗಾಗಿ ಒತ್ತಡವೂ ಜಾಸ್ತಿ. ನೆಲದಿಂದ ಶುರು ಮಾಡಿದೆ. ಮೊದಲು ಅವರು ಕೂತ ಜಾಗ, ಬಲಗಡೆಗೆ ವಾಲಿದ್ದರಿಂದ ಅಲ್ಲಿ ಕಪ್ಪು. ಆಮೇಲೆ ಮಣೆ ಮೆಟ್ಟಿದ ಬಲ ಪಾದ. ಆಮೇಲೆ ಚಾಚಿದ ಎಡಗಾಲು. ಅಲ್ಲಿಂದ ಮೇಲಕ್ಕೆ ಬೆನ್ನು, ಭುಜ, ಎರಡೂ ಕೈ. ಕುಂಬಳಕಾಯಿ ಮುಗಿಯಿತು, ಅಮ್ಮ ಎದ್ದುಬಿಟ್ಟರು. ಹಾಳೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಸರಿ, ನೆಲ ಬಂತು. ಮುಖ ಎಲ್ಲೋ?" ಅಂದರು.

ಚಿತ್ರ ಕೆಳಗೆ ಹಾಕಿದ್ದೇನೆ. ಬೈಯುವವರು ಬೈಯಬಹುದು.

ಫಿಸಿಯೋ ಅಕ್ಕ | ಭಾನುವಾರ, ರಾತ್ರಿ 9:40

ಮುಖ ಇಲ್ಲದಿದ್ದರೂ ಎಡ ಮಂಡಿ ನೋವು ಅಂತ ಹೇಳಿಬಿಡಬಹುದು. ಅಮ್ಮನನ್ನು ಒಂದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸಾರ್.

ಚಾಕ್‌ಪೀಸ್ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:00

ಕೂತಿದ್ದಾರೆ. ಗಟ್ಟಿಯಾಗಿ ಕೂತಿದ್ದಾರೆ. ಆದರೆ ಚಾಚಿದ ಎಡಗಾಲಿನ ಪಾದ ನಿಮ್ಮ ಕಡೆಗಿದೆ, ಅದು ದೊಡ್ಡದಾಗಿ ಕಾಣಬೇಕು. ನೀವು ಹೆದರಿ ಚಿಕ್ಕದು ಮಾಡಿದ್ದೀರಿ. ಮುಖದ ಜೊತೆ ಇಟ್ಟು ಅಳೆದಿದ್ದಿರಾ?

ಅರ್ಧಚಿತ್ರ | ಸೋಮವಾರ, ಬೆಳಿಗ್ಗೆ 7:20

ಈಗ ಅಮ್ಮನನ್ನು ಕೂರಿಸಿ ಅಳೆದೆ ಮೇಷ್ಟ್ರೇ. ಪಾದ ಮುಖಕ್ಕಿಂತ ಒಂದು ಬೆರಳು ಜಾಸ್ತಿಯೇ ಕಾಣುತ್ತದೆ. ನಾನು ಬರೆದದ್ದು ಅದರ ಅರ್ಧ. ಅಮ್ಮ ಕಾಫಿ ಆರುತ್ತಿದೆ ಅಂತ ಬೈಯುತ್ತಿದ್ದಾರೆ, ಉಳಿದದ್ದು ಸಂಜೆ.